ಕ್ವಾರ್ಟರ್‌ಬ್ಯಾಕ್ ಮೈಮೇಲೆ ಬಿದ್ದರೆ ಹದಿನೈದು ಯಾರ್ಡ್

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವ ಆಟಗಾರನಿಗೆ, ಅಂದರೆ ಕ್ವಾರ್ಟರ್‌ಬ್ಯಾಕ್‌ಗೆ, ಕೊಟ್ಟಿರುವ ರಕ್ಷಣೆಯ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಕಬಡ್ಡಿ ಆಡುವವರು, ಆಡಿಸುವವರು. ಹಾಗಾಗಿ ಪ್ರಶ್ನೆಗಳೂ ಹಿಡಿತ, ಬೀಳುವಿಕೆಗಳ ಸುತ್ತಲೇ ಇವೆ.

ಸರ, ಮೊಬೈಲ್‌ನ್ಯಾಗ ಅಮೆರಿಕದ ಫುಟ್‌ಬಾಲ್ ನೋಡದೆ. ಚೆಂಡು ಕೈಯಾಗಿದ್ದವನ್ನ ಒಬ್ಬಾಂವ ಹಿಡದು ಕೆಡವಿದ. ರೆಫ್ರಿ ಹಳದಿ ಬಟ್ಟಿ ಒಗದು ದಂಡ ಹಾಕಿದ. ಕೆಡವೂದೇ ಆಟ ಅಲ್ಲೇನ್ರಿ? ತಪ್ಪು ಹ್ಯಾಂಗಾಯ್ತು?
— ಪಿಯುಸಿ ವಿದ್ಯಾರ್ಥಿ, ಶಹಾಪುರ

ಕೆಡವುವುದೇ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಯಾವಾಗ ಮುಟ್ಟಿದಿರಿ, ಎಲ್ಲಿ ಮುಟ್ಟಿದಿರಿ, ಮುಟ್ಟಿದ ಮೇಲೆ ನೀವು ಎಲ್ಲಿ ಬಿದ್ದಿರಿ ಎಂಬ ಮೂರನ್ನೂ ನೋಡುತ್ತಾರೆ.

ಮೊದಲು ಆಟದ ಚೌಕಟ್ಟು. ಎರಡೂ ಕಡೆ 11 ಜನ. ಚೆಂಡು ಇರುವ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು 4 ಅವಕಾಶ. ಒಂದೊಂದಕ್ಕೂ 'ಡೌನ್' ಎನ್ನುತ್ತಾರೆ. 10 ಯಾರ್ಡ್ ದಾಟಿದರೆ ಮತ್ತೆ 4 ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಡೌನಿನಲ್ಲೂ ನಡುವಿನ ಆಟಗಾರ ಬಗ್ಗಿ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದನ್ನು ಹಿಡಿದು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವವನೇ ಕ್ವಾರ್ಟರ್‌ಬ್ಯಾಕ್. ಅದಕ್ಕೆ ಅವನಿಗೆ ಸಿಗುವುದು ಎರಡೂವರೆಯಿಂದ ಮೂರು ಸೆಕೆಂಡ್.

ಆ ಹೊತ್ತಿನಲ್ಲಿ ಅವನು ನಿಂತಿರುವ ಭಂಗಿಯನ್ನು ಒಮ್ಮೆ ಗಮನಿಸಿ. ಕಣ್ಣು 20-30 ಯಾರ್ಡ್ ಆಚೆ, ತೋಳು ಹಿಂದಕ್ಕೆ, ಪಕ್ಕೆಲುಬು ಪೂರಾ ತೆರೆದು, ಎಸೆಯುವ ಗಳಿಗೆಯಲ್ಲಿ ಮೈಭಾರವೆಲ್ಲ ಮುಂಗಾಲಿನ ಮೇಲೆ. ಕಬಡ್ಡಿ ರೈಡರ್‌ಗೆ ತನ್ನನ್ನು ಹಿಡಿಯುವವರು ಕಣ್ಣೆದುರಿಗೇ ಇರುತ್ತಾರೆ. ಇವನಿಗೆ ಹಾಗಲ್ಲ. 120 ಕಿಲೋ ತೂಕದವನೊಬ್ಬ ಪಕ್ಕದಿಂದಲೋ ಬೆನ್ನ ಹಿಂದಿನಿಂದಲೋ ನುಗ್ಗಿ ಬರುತ್ತಾನೆ. ಮೈ ಬಿಗಿಹಿಡಿದು ಪೆಟ್ಟು ತಡೆದುಕೊಳ್ಳಲು ಸಮಯವಿಲ್ಲ. ಇಡೀ ನಿಯಮಾವಳಿ ಹುಟ್ಟಿದ್ದು ಈ ಭಂಗಿಯಿಂದ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಈ ತಪ್ಪಿನ ಹೆಸರು 'ರಫಿಂಗ್ ದ ಪಾಸರ್'. ದಂಡ 15 ಯಾರ್ಡ್, ಜೊತೆಗೆ ತಾನಾಗಿಯೇ ಹೊಸ ಮೊದಲ ಡೌನ್. ಟೀವಿಯವರು ಯಾರ್ಡ್ ಲೆಕ್ಕವನ್ನೇ ಹೇಳುತ್ತಾರೆ, ಆದರೆ ಹೆಚ್ಚು ಕಚ್ಚುವುದು ಎರಡನೆಯದು. ಮೂರನೇ ಡೌನಿನಲ್ಲಿ ಅವನನ್ನು ಕೆಡವಿ, ಇನ್ನೇನು ಚೆಂಡು ನಮ್ಮ ಕೈಗೆ ಬಂತು ಅನ್ನುವಷ್ಟರಲ್ಲಿ ಎದುರಾಳಿಗೆ ಹೊಸ ನಾಲ್ಕು ಅವಕಾಶ ಸಿಕ್ಕಿಬಿಡುತ್ತದೆ.

ಹಂಗಾದ್ರ ಎಲ್ಲಿ ಹಿಡೀಬೇಕು, ಎಲ್ಲಿ ಹಿಡೀಬಾರದು, ಬಿಡಿಸಿ ಹೇಳ್ರಿ. ನಮ್ಮ ಆಟದಾಗ ಪಾದದ ಗಂಟು ಹಿಡಿಯೋದು ದೊಡ್ಡ ಕಲಾ. ಅಲ್ಲಿ ಅದೂ ತಪ್ಪೇನು?
— ಕಬಡ್ಡಿ ಆಟಗಾರ, ಕಲಬುರಗಿ

ಕೈಯಿಂದ ಹಿಡಿದರೆ ತಪ್ಪಲ್ಲ! ಕ್ವಾರ್ಟರ್‌ಬ್ಯಾಕ್ ಕಾಲನ್ನು ಕೈಯಿಂದ ಹಿಡಿಯಬಹುದು, ತಬ್ಬಬಹುದು, ಬೀಸಿ ಎಳೆಯಬಹುದು. ಭುಜ, ಹೆಲ್ಮೆಟ್, ಎದೆ, ಮುಂದೋಳುಗಳಿಂದ ಮೊಣಕಾಲಿಗೋ ಅದರ ಕೆಳಕ್ಕೋ ಗುದ್ದುವ ಹಾಗಿಲ್ಲ. ನಿಮ್ಮ ಆಟದಲ್ಲೂ ಗಂಟು ಹಿಡಿಯುವುದು ಕಲೆ, ಕಾಲಿನಿಂದ ಕತ್ತರಿ ಹಾಕುವುದು ತಪ್ಪು. ಅದೇ ಬಗೆಯ ಗೆರೆ ಇದು.

ಮೇಲಿನ ಗೆರೆ ಕುತ್ತಿಗೆ. ತಲೆಗೆ, ಕುತ್ತಿಗೆಗೆ ಬಲವಾಗಿ ತಾಗಿದರೆ ತಪ್ಪು. ಮೊದಲು ಎದೆಗೆ ತಾಗಿ ಆಮೇಲೆ ಜಾರಿ ಗದ್ದಕ್ಕೆ ಹೋಯಿತೆಂಬ ಸಬೂಬು ನಡೆಯದು. ಇನ್ನು ಉಳಿದದ್ದು ಭುಜದ ಕೆಳಗಿನಿಂದ ಮೊಣಕಾಲಿನ ಮೇಲಿನವರೆಗಿನ ಜಾಗ. ಎತ್ತರದ ಆಟಗಾರನಲ್ಲಿ ಇದು ಹೆಚ್ಚೆಂದರೆ ಒಂದು ಮೀಟರ್. ಅದೂ ಅವನು ಬಗ್ಗಿದರೆ, ತಿರುಗಿದರೆ ಕ್ಷಣದಲ್ಲಿ ಕುಗ್ಗುತ್ತದೆ.

ಸಮಯದ ಲೆಕ್ಕವನ್ನು ಹೆಜ್ಜೆಯಲ್ಲಿ ಹಾಕುತ್ತಾರೆ. ಚೆಂಡು ಕೈಬಿಟ್ಟ ಮೇಲೆ ನುಗ್ಗುವವನಿಗೆ ಒಂದು ಹೆಜ್ಜೆಯ ಮಾಫಿ ಉಂಟು. ಎರಡನೇ ಹೆಜ್ಜೆ ನೆಲ ಮುಟ್ಟುವುದರೊಳಗೆ ತಾಗಿದರೆ ಸರಿ, ಆಮೇಲೆ ತಾಗಿದರೆ ತಪ್ಪು. ಚೆಂಡು ಹೋದದ್ದು ಕಾಣಲಿಲ್ಲ ಎಂದರೆ ಕೇಳುವುದಿಲ್ಲ. ಚೆಂಡು ಎಲ್ಲಿದೆ ಎಂದು ಕಣ್ಣಿಡುವುದು ನುಗ್ಗುವವನ ಜವಾಬ್ದಾರಿ.

ಮೂರನೆಯದೇ ಈಗಿನ ಜಗಳಕ್ಕೆಲ್ಲ ಮೂಲ. ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಹಿಡಿದರೂ ನಿಮ್ಮ ಮೈಭಾರದ ಬಹುಪಾಲು ಅವನ ಮೇಲೆ ಬರುವಂತೆ ಬೀಳಬಾರದು. ಎತ್ತಿ ಕುಕ್ಕಬಾರದು, ನೆಲಕ್ಕೆ ಒತ್ತಿ ಅರೆಯಬಾರದು. ತೋಳಿನಿಂದ ಸುತ್ತಿ ಹಿಡಿದು, ಪಕ್ಕಕ್ಕೆ ಹೊರಳಬೇಕು. ನೀವು ನೋಡಿದ ದಂಡಗಳಲ್ಲಿ 'ಇದೆಂಥ ತಪ್ಪು' ಅನ್ನಿಸಿದವು ಬಹುಶಃ ಇದೇ ಗುಂಪಿನವು. ಕುಸ್ತಿಯಲ್ಲಿ ಚಿತ್ ಮಾಡಿದವನಿಗೆ 'ಅವನ ಎದೆ ಮೇಲೆ ಯಾಕೆ ಕೂತೆ' ಎಂದು ಕೇಳಿದ ಹಾಗೆ ಕಾಣುತ್ತದೆ, ಅಲ್ಲವೇ?

ವಿನಾಯಿತಿಯೂ ಇದೆ. ಎದುರಾಳಿ ತಡೆಗಾರನೇ, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಅವನ ತಂಡದವನೇ, ನಿಮ್ಮನ್ನು ದೂಡಿ ಕ್ವಾರ್ಟರ್‌ಬ್ಯಾಕ್ ಮೊಣಕಾಲಿನ ಮೇಲೆ ಬೀಳಿಸಿದರೆ, ತಪ್ಪಿಸಿಕೊಳ್ಳಲು ದಾರಿಯೇ ಇರದಿದ್ದರೆ, ಅದು ನಿಮ್ಮ ತಪ್ಪಲ್ಲ. ಇನ್ನು ಅವನು 'ಪಾಕೆಟ್' ಬಿಟ್ಟು, ಅಂದರೆ ತನ್ನ ಎರಡು ತುದಿಯ ತಡೆಗಾರರ ನಡುವಿನ ಜಾಗ ಬಿಟ್ಟು ಪಕ್ಕಕ್ಕೆ ಓಡುತ್ತಲೇ ಎಸೆದರೆ, ಒಂದು ಹೆಜ್ಜೆಯ ರಕ್ಷಣೆಯೂ ಮೊಣಕಾಲಿನ ರಕ್ಷಣೆಯೂ ಹೋಗುತ್ತವೆ. ತಲೆಯ ರಕ್ಷಣೆ, ಮೈಭಾರದ ರಕ್ಷಣೆ ಹೋಗುವುದಿಲ್ಲ. ಓಡುವುದು ಬಿಟ್ಟು ಮತ್ತೆ ನಿಂತು ಎಸೆಯುವ ಭಂಗಿಗೆ ಬಂದನೋ, ಹೋದದ್ದೆಲ್ಲ ವಾಪಸ್.

ಆ ಎಸೆತವನ್ನು ನಮ್ಮವರೇ ಹಿಡಿದುಬಿಟ್ಟರೆ? ಚೆಂಡು ನಮಗೆ, ದಂಡ ಮಾತ್ರ ಕಟ್ಟಿದರೆ ಸಾಕೇ?
— ಹುಮನಾಬಾದ್

ಸಾಲದು. ಎಸೆಯುವವನ ಮೇಲಿನ ತಪ್ಪು ನಡೆದಿದ್ದರೆ ನಿಮ್ಮ ಕ್ಯಾಚೇ ರದ್ದು. ಚೆಂಡು ಅವರ ಬಳಿಯೇ ಉಳಿಯುತ್ತದೆ. 2018ರ ಸೆಪ್ಟೆಂಬರಿನಲ್ಲಿ ಗ್ರೀನ್ ಬೇ ತಂಡ ಮಿನೆಸೋಟ ವಿರುದ್ಧ ಗೆಲುವಿನ ಅಂಚಿನಲ್ಲಿತ್ತು. ಕೊನೆಯ ಎರಡು ನಿಮಿಷದೊಳಗೆ ಎದುರಾಳಿಯ ಎಸೆತವನ್ನು ಹಿಡಿದೂ ಆಗಿತ್ತು. ಅಷ್ಟರಲ್ಲಿ ಗ್ರೀನ್ ಬೇಯ ಕ್ಲೇ ಮ್ಯಾಥ್ಯೂಸ್ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಮೇಲೆ ಬಿದ್ದ ರೀತಿ ತಪ್ಪೆಂದು ಬಟ್ಟೆ ಬಿತ್ತು. ಮಿನೆಸೋಟ ಅಂಕ ಸಮ ಮಾಡಿತು. ಪಂದ್ಯ 29-29ರಲ್ಲಿ ಮುಗಿಯಿತು.

ಈ ನಿಯಮಗಳು ಮೊದಲಿನಿಂದಲೂ ಇದ್ದವೇ? ಒಬ್ಬೊಬ್ಬ ದೊಡ್ಡ ಆಟಗಾರ ಗಾಯಗೊಂಡಾಗ ಒಂದೊಂದು ಸೇರಿಸಿದರು ಎನ್ನುತ್ತಾರೆ, ನಿಜವೇ?
— ನಿವೃತ್ತ ಶಿಕ್ಷಕರು, ಬೀದರ್

ಅರ್ಧ ನಿಜ. ಮೊದಲಿನ ಬದಲಾವಣೆಗಳು ಗಾಯಕ್ಕಿಂತ ಆಟ ಬೇಸರವಾಗುತ್ತಿದೆ ಎಂಬ ಚಿಂತೆಯಿಂದ ಬಂದವು. 1970ರ ದಶಕದಲ್ಲಿ ರಕ್ಷಣೆಯ ಆಟ ಬಲಿತು ಅಂಕಗಳು ಕುಸಿದಿದ್ದವು. ನುಗ್ಗುವವರು ಅಂಗೈಯಿಂದ ತಡೆಗಾರನ ಹೆಲ್ಮೆಟ್ಟಿಗೆ ಫಟ್ಟೆಂದು ಬಾರಿಸಿ ದಾಟಿ ಹೋಗುತ್ತಿದ್ದರು. ಅದನ್ನು 1977ರಲ್ಲಿ ನಿಲ್ಲಿಸಿದರು. 1978ರಲ್ಲಿ ಎರಡು ದೊಡ್ಡ ಬದಲಾವಣೆ ಬಂದವು: ತಡೆಗಾರರು ಕೈ ಚಾಚಿ ಅಂಗೈ ಬಿಚ್ಚಿ ತಡೆಯಬಹುದು ಎಂದಾಯಿತು; ಚೆಂಡು ಹಿಡಿಯಲು ಓಡುವವನನ್ನು 5 ಯಾರ್ಡ್ ದಾಟಿದ ಮೇಲೆ ತಡೆದು ನೂಕಬಾರದು ಎಂದಾಯಿತು. ಎರಡರಲ್ಲೂ ಕ್ವಾರ್ಟರ್‌ಬ್ಯಾಕ್ ಹೆಸರಿಲ್ಲ, ಲಾಭವೆಲ್ಲ ಅವನದೇ. ಎಸೆಯಲು ಹೊತ್ತು ಸಿಕ್ಕಿತು, ಎಸೆಯುವ ಕಡೆ ದಾರಿ ತೆರೆಯಿತು. ಮರುವರ್ಷ, 1979ರಲ್ಲಿ, ಅವನು ಎದುರಾಳಿಯ ಹಿಡಿತದಲ್ಲಿ ಪೂರ್ತಿ ಸಿಕ್ಕಿದನೆಂದು ಕಂಡರೆ ಕೆಡವುವವರೆಗೆ ಕಾಯದೆ ಸೀಟಿ ಊದಬಹುದು ಎಂದರು.

ನೀವು ಹೇಳುವುದು ಆಮೇಲಿನ ಕಥೆ. 2006ರ ಜನವರಿ 8, ಸಿನ್ಸಿನಾಟಿಯಲ್ಲಿ ನಾಕೌಟ್ ಪಂದ್ಯ. ಕಾರ್ಸನ್ ಪಾಮರ್ ತನ್ನ ಮೊದಲ ಎಸೆತದಲ್ಲೇ 66 ಯಾರ್ಡ್ ಗಳಿಸಿಕೊಟ್ಟ. ಚೆಂಡು ಗಾಳಿಯಲ್ಲಿರುವಾಗಲೇ ಪಿಟ್ಸ್‌ಬರ್ಗ್‌ನ ಕಿಮೊ ವಾನ್ ಓಲ್‌ಹಾಫೆನ್ ಅವನ ಮೊಣಕಾಲಿಗೆ ಬಿದ್ದ. ಎರಡು ಅಸ್ಥಿರಜ್ಜು ಹರಿದವು. ಆಗ ದಂಡವಿಲ್ಲ. ಆ ವರ್ಷವೇ ಮೊಣಕಾಲಿನ ನಿಯಮ ಬಿಗಿಯಾಯಿತು. 2008ರ ಸೆಪ್ಟೆಂಬರ್ 7ರಂದು, ಹಂಗಾಮಿನ ಮೊದಲ ಪಂದ್ಯದಲ್ಲೇ, ನೆಲಕ್ಕೆ ಬಿದ್ದಿದ್ದ ಬರ್ನಾರ್ಡ್ ಪೊಲಾರ್ಡ್ ಅಲ್ಲಿಂದಲೇ ಮುಂದಕ್ಕೆ ಚಿಮ್ಮಿ ಟಾಮ್ ಬ್ರೇಡಿಯ ಎಡ ಮೊಣಕಾಲಿಗೆ ತಾಗಿದ. ಬ್ರೇಡಿಗೆ ಇಡೀ ಹಂಗಾಮು ಹೋಯಿತು. 2009ರಲ್ಲಿ, ಕೆಳಗೆ ಬಿದ್ದವನು ಎಸೆಯುವವನ ಕಾಲಿನತ್ತ ಚಿಮ್ಮಬಾರದು ಎಂಬ ವಿವರಣೆ ಸೇರಿತು. ಅಭಿಮಾನಿಗಳು ಇಂದಿಗೂ ಅದನ್ನು 'ಬ್ರೇಡಿ ರೂಲ್' ಎನ್ನುತ್ತಾರೆ.

ಮೈಭಾರದ ಮಾತು ಪುಸ್ತಕದಲ್ಲಿ ಹಿಂದೆಯೂ ಇತ್ತು. ಅದಕ್ಕೆ ಹಲ್ಲು ಮೂಡಿದ್ದು 2018ರಲ್ಲಿ. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಆ್ಯಂಟನಿ ಬಾರ್ ಮೈಮೇಲೆ ಬಿದ್ದು ಗ್ರೀನ್ ಬೇ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಜರ್ಸ್‌ನ ಬಲ ಕಾಲರ್ ಮೂಳೆ ಮುರಿದಿತ್ತು, ಆಗಲೂ ದಂಡವಿರಲಿಲ್ಲ. ವ್ಯಂಗ್ಯ ನೋಡಿ: 2018ರ ಮೊದಲ ಮೂರು ವಾರವೂ ಸತತವಾಗಿ ದಂಡ ತೆತ್ತ ಕ್ಲೇ ಮ್ಯಾಥ್ಯೂಸ್ ಇದ್ದದ್ದು ರಾಜರ್ಸ್‌ನ ತಂಡದಲ್ಲೇ.

ರೆಫ್ರಿಗಳು ಒಂದೇ ತರಹದ ಬೀಳುವಿಕೆಗೆ ಒಮ್ಮೆ ದಂಡ ಹಾಕುತ್ತಾರೆ, ಒಮ್ಮೆ ಬಿಡುತ್ತಾರೆ. ಕ್ರಿಕೆಟ್ಟಿನ ಡಿಆರ್‌ಎಸ್ ಹಾಗೆ ಮರುಪರಿಶೀಲನೆ ಕೇಳಬಾರದೇ?
— ಸೇಡಂ

ಕೋಚ್‌ಗೆ ಆ ಹಕ್ಕಿಲ್ಲ. ಕೆಂಪು ಬಟ್ಟೆ ಒಗೆದು ಬೇರೆ ಎಷ್ಟೋ ತೀರ್ಪು ಪ್ರಶ್ನಿಸಬಹುದು, ಇದನ್ನಲ್ಲ. ಪ್ರಶ್ನಿಸಲು ಬಿಡಿ ಎಂದು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ 2023ರಲ್ಲಿ ಪ್ರಸ್ತಾವ ಇಟ್ಟಿತು, ಅದು ಬಿತ್ತು. 32 ತಂಡಗಳಲ್ಲಿ 24 ಒಪ್ಪಿದರೆ ಮಾತ್ರ ನಿಯಮ ಬದಲಾಗುತ್ತದೆ.

ತೀರ್ಪು ಏರುಪೇರಾಗಲು ಕಾರಣ ರೆಫ್ರಿಯ ಜಾಗದಲ್ಲಿದೆ. ಬಿಳಿ ಟೋಪಿಯ ಮುಖ್ಯ ರೆಫ್ರಿ ಕ್ವಾರ್ಟರ್‌ಬ್ಯಾಕ್‌ಗಿಂತ ಹಲವು ಯಾರ್ಡ್ ಹಿಂದೆ, ಓರೆಯಾಗಿ ನಿಂತಿರುತ್ತಾನೆ. ಎದುರಿನಿಂದ ಬಂದ ಪೆಟ್ಟಿನಲ್ಲಿ ಅವನಿಗೆ ಕಾಣುವುದು ಕ್ವಾರ್ಟರ್‌ಬ್ಯಾಕ್ ಬೆನ್ನು. ಮೇಲೆ ಬಿದ್ದವನು ಅಂಗೈ ಊರಿ ಭಾರ ತಡೆದನೋ ಇಲ್ಲವೋ ಎಂಬುದು ಆ ಬೆನ್ನಿನ ಮರೆಯಲ್ಲಿ ಹೋಗುತ್ತದೆ. ಅನುಮಾನವಿದ್ದರೆ ದಂಡವನ್ನೇ ಹಾಕು ಎಂಬ ಸೂಚನೆ ನಿಯಮದಲ್ಲೇ ಇದೆ. ಕ್ರಿಕೆಟ್ಟಿನಲ್ಲಿ ಅನುಮಾನದ ಲಾಭ ಬ್ಯಾಟ್ಸ್‌ಮನ್‌ಗೆ, ಇಲ್ಲಿ ಎಸೆಯುವವನಿಗೆ.

2022ರ ಅಕ್ಟೋಬರಿನ ಎರಡು ದಿನ ಇದಕ್ಕೆ ಒಳ್ಳೆಯ ಪಾಠ. 9ರಂದು ಅಟ್ಲಾಂಟದ ಗ್ರೇಡಿ ಜ್ಯಾರೆಟ್, ಟಾಮ್ ಬ್ರೇಡಿಯನ್ನು ಸೊಂಟ ಹಿಡಿದು ಸುತ್ತಿಸಿ ಕೆಡವಿದ. ನೋಡಿದವರಿಗೆ ಅದು ಮಾದರಿ ಹಿಡಿತ. ಅನಗತ್ಯವಾಗಿ ನೆಲಕ್ಕೆಸೆದ ಎಂದು ದಂಡ ಬಿತ್ತು. ಮೂರನೇ ಡೌನ್ ಹೋಗಿ ಹೊಸ ಡೌನ್ ಬಂತು. 21-15ರಿಂದ ಹಿಂದಿದ್ದ ಅಟ್ಲಾಂಟಕ್ಕೆ ಮತ್ತೆ ಚೆಂಡೇ ಸಿಗಲಿಲ್ಲ. ಮರುರಾತ್ರಿ ಕ್ಯಾನ್ಸಸ್ ಸಿಟಿಯ ಕ್ರಿಸ್ ಜೋನ್ಸ್, ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ಕೈಯಿಂದ ಚೆಂಡನ್ನೇ ಕಿತ್ತುಕೊಂಡ. ಚೆಂಡು ಜೋನ್ಸ್ ಕೈಯಲ್ಲಿ, ಇನ್ನೊಂದು ಕೈ ನೆಲಕ್ಕೆ ಊರಿದ್ದು ಟೀವಿಯಲ್ಲಿ ಸ್ಪಷ್ಟ. ಆದರೂ ಮೈಭಾರ ಹಾಕಿದನೆಂದು ದಂಡ.

ಎರಡಕ್ಕೂ ಹತ್ತು-ಹನ್ನೊಂದು ದಿನ ಮೊದಲು ಮಯಾಮಿಯ ಟುವ ಟಗೊವೈಲೋವನನ್ನು ಹೀಗೇ ಸುತ್ತಿಸಿ ಕೆಡವಿ, ತಲೆ ನೆಲಕ್ಕೆ ಬಡಿದು, ಸ್ಟ್ರೆಚರ್ ಮೇಲೆ ಹೊರಗೊಯ್ದದ್ದನ್ನು ದೇಶವೆಲ್ಲ ನೋಡಿತ್ತು. ಆ ದಿನ ದಂಡ ಇರಲಿಲ್ಲ. ರೆಫ್ರಿಗಳ ಕಣ್ಣು ಆ ದೃಶ್ಯದಿಂದ ತಪ್ಪಿಸಿಕೊಳ್ಳಲು ಸಾಧ್ಯವಿತ್ತೇ ಎಂಬುದು ನಮ್ಮ ಅನುಮಾನ.

ನಮ್ಮ ಅಭಿಪ್ರಾಯ ಕೇಳಿದರೆ: ತಲೆ, ಮೊಣಕಾಲಿನ ನಿಯಮ ಸರಿ, ಅಳೆಯಲೂ ಬರುತ್ತದೆ. ಮೈಭಾರದ ನಿಯಮದ ಉದ್ದೇಶ ಸರಿ, ಅಳತೆಗೋಲು ಇಲ್ಲ. ಅಳೆಯಲಾಗದ್ದಕ್ಕೆ 15 ಯಾರ್ಡೂ ಹೊಸ ಡೌನೂ ಕೊಡುವುದಾದರೆ ಮರುಪರಿಶೀಲನೆ ಇರಲೇಬೇಕು.

ಇದು ಆಟಗಾರರ ಮೇಲಿನ ಕಾಳಜಿಯೋ, ರೊಕ್ಕದ ಕಾಳಜಿಯೋ?
— ಆಳಂದ

ರೊಕ್ಕದ ಪಾಲು ದೊಡ್ಡದು, ಮುಚ್ಚಿಡುವಂಥದ್ದೇನಲ್ಲ. ಪ್ರತಿ ತಂಡ ಆಟಗಾರರ ಸಂಬಳಕ್ಕೆ ಖರ್ಚು ಮಾಡುವ ಹಣಕ್ಕೆ ಮಿತಿ ಇದೆ. 2024ರಲ್ಲಿ ಅದು 25.54 ಕೋಟಿ ಡಾಲರ್. 53 ಜನರನ್ನು ಅದರಲ್ಲೇ ಸಾಕಬೇಕು. ಅದೇ ವರ್ಷ ಡಲ್ಲಾಸ್ ತಂಡ ಡ್ಯಾಕ್ ಪ್ರೆಸ್ಕಾಟ್ ಜೊತೆ ಮಾಡಿಕೊಂಡ ಒಪ್ಪಂದ 4 ವರ್ಷಕ್ಕೆ 24 ಕೋಟಿ ಡಾಲರ್, ವರ್ಷಕ್ಕೆ ಸರಾಸರಿ 6 ಕೋಟಿ. ಆ ಒಬ್ಬ ಮೊಣಕಾಲು ಹಿಡಿದು ಕುಳಿತರೆ ಮಿತಿಯ ಕಾಲುಭಾಗದಷ್ಟು ಹಣ ಮೈದಾನದ ಹೊರಗೆ ಕುಳಿತ ಹಾಗೆ. ಟೀವಿ ಹಕ್ಕು ಕೊಂಡವರಿಗೂ ಬೇಕಾದದ್ದು ಅವನ ಮುಖವೇ.

ಆಟದ ಅಂಕಿಗಳೂ ಅದನ್ನೇ ಹೇಳುತ್ತವೆ. ಒಂದು ಹಂಗಾಮಿನಲ್ಲಿ 5,000 ಯಾರ್ಡ್ ಎಸೆದ ಮೊದಲಿಗ ಡ್ಯಾನ್ ಮರೀನೊ, 1984ರಲ್ಲಿ. ಎರಡನೆಯವನು ಬರಲು 2008ರವರೆಗೆ ಕಾಯಬೇಕಾಯಿತು: ಡ್ರೂ ಬ್ರೀಸ್. ಆಮೇಲೆ 2011ರ ಒಂದೇ ಹಂಗಾಮಿನಲ್ಲಿ ಬ್ರೀಸ್, ಬ್ರೇಡಿ, ಮ್ಯಾಥ್ಯೂ ಸ್ಟ್ಯಾಫರ್ಡ್ ಮೂವರೂ ದಾಟಿದರು. ಕ್ವಾರ್ಟರ್‌ಬ್ಯಾಕ್ ನಿಯಮಗಳೇ ಇದಕ್ಕೆಲ್ಲ ಕಾರಣವಲ್ಲ. ಚೆಂಡು ಹಿಡಿಯುವವರ ತಲೆಗೆ ಗುದ್ದುವುದನ್ನು ನಿಲ್ಲಿಸಿದ್ದೂ, ಬೇಗ ಎಸೆದು ಮುಗಿಸುವ ಕಿರು ಎಸೆತಗಳ ಪದ್ಧತಿಯೂ ಸೇರಿವೆ. ಬ್ರೇಡಿ 45ರ ವಯಸ್ಸಿನವರೆಗೆ ಆಡಿದ. ಅವನ ಶಿಸ್ತಿಗೆ ಅದರ ಶ್ರೇಯ ಸಲ್ಲಬೇಕು, ಒಂದಿಷ್ಟು ಈ ನಿಯಮಗಳಿಗೂ ಸಲ್ಲಬೇಕು.

ನುಗ್ಗುವವರು ಈಗ ಹೇಗೆ ಅಭ್ಯಾಸ ಮಾಡುತ್ತಾರೆ? ನಮ್ಮ ಹುಡುಗರಿಗೆ ಹಿಡಿತ ಕಲಿಸುವಾಗ ಅದರಿಂದ ತೆಗೆದುಕೊಳ್ಳುವುದೇನಾದರೂ ಉಂಟೇ?
— ಕಬಡ್ಡಿ ತರಬೇತುದಾರ, ಯಾದಗಿರಿ

ಒಳ್ಳೆಯ ಪ್ರಶ್ನೆ. ಬದಲಾವಣೆ ನಿಜವಾಗಿ ಕಾಣುವುದು ಇಲ್ಲೇ.

ಹಳೆಯ ಪಾಠ 'ಅವನ ಮೂಲಕ ಹಾದುಹೋಗು' ಎಂಬುದಾಗಿತ್ತು. ತಾಗಿದ ಮೇಲೂ ಕಾಲು ನಿಲ್ಲಿಸದೆ ತಳ್ಳಿಕೊಂಡೇ ಹೋಗಿ ಅವನ ಮೇಲೆ ಬೀಳುವುದು. ಈಗ ಅದು ನೇರ ದಂಡಕ್ಕೆ ದಾರಿ. ಹೊಸ ಪಾಠ ಹೀಗೆ: ಕೊನೆಯ ಎರಡು ಹೆಜ್ಜೆ ಕಿರಿದು ಮಾಡಿ, ಸೊಂಟ ತಗ್ಗಿಸಿ. ತಲೆಯನ್ನು ಅವನ ಎದೆಗೆ ಅಡ್ಡ ಹಾಕದೆ ಪಕ್ಕಕ್ಕೆ, ಅವನ ಬೆನ್ನ ಕಡೆಗೆ ಇಡಿ. ಒಂದು ತೋಳು ಸೊಂಟ ಸುತ್ತಲಿ, ಇನ್ನೊಂದು ಕೈ ಚೆಂಡಿದ್ದ ಮುಂಗೈಯನ್ನು ಬಡಿಯಲಿ. ನೆಲ ಮುಟ್ಟುವ ಮೊದಲೇ ನಿಮ್ಮ ಹತ್ತಿರದ ಭುಜವನ್ನು ಕೆಳಗೆ ತಂದು ಪಕ್ಕಕ್ಕೆ ಹೊರಳಿ, ಇಬ್ಬರೂ ಅಡ್ಡಡ್ಡ ಬೀಳಬೇಕು. ಚೆಂಡು ಬಡಿಯುವುದರಲ್ಲಿ ಎರಡು ಲಾಭ: ಚೆಂಡು ಕೈಜಾರಿದರೆ ಆಟವೇ ತಿರುಗುತ್ತದೆ, ಬಡಿಯಲು ಚಾಚಿದ ಕೈಯಿಂದಾಗಿ ನಿಮ್ಮ ಎದೆ ಅವನ ಎದೆಯ ಮೇಲೆ ಚಪ್ಪಟೆಯಾಗಿ ಬೀಳುವುದಿಲ್ಲ.

ತಪ್ಪುವುದು ಎಲ್ಲಿ? ಲೆಕ್ಕ ಹಾಕಿ. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬರುತ್ತಿದ್ದಾನೆಂದು ಹಿಡಿಯೋಣ. ಚೆಂಡು ಕೈಬಿಟ್ಟದ್ದನ್ನು ಕಣ್ಣು ಕಂಡು ಮೈಗೆ ತಿಳಿಸಲು ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಅವನು ಒಂದೂವರೆ ಮೀಟರ್ ಸಾಗಿರುತ್ತಾನೆ. ಒಮ್ಮೆ ನೆಲ ಬಿಟ್ಟು ಹಾರಿದರಂತೂ ದಾರಿ ಬದಲಿಸಲು ಯಾರಿಂದಲೂ ಆಗದು. ಹಾಗಾಗಿ 'ಹಾರಬೇಡ, ಕಾಲು ನೆಲದ ಮೇಲಿರಲಿ' ಎಂಬುದೇ ಈಗಿನ ಮೊದಲ ಆಜ್ಞೆ. ಗಾಳಿಯಲ್ಲೇ ಮೈ ತಿರುಚಲು ಹೋದವರಿಗೆ ಪೆಟ್ಟಾದದ್ದೂ ಉಂಟು. 2018ರಲ್ಲಿ ಮಯಾಮಿಯ ವಿಲಿಯಂ ಹೇಸ್, ಡೆರೆಕ್ ಕಾರ್ ಮೇಲೆ ಭಾರ ಹಾಕದಿರಲು ಹೋಗಿ ತನ್ನ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡನೆಂದು ಅವನ ಕೋಚ್ ಹೇಳಿದರು. ಕಾಯುವ ನಿಯಮ ಒಬ್ಬನನ್ನು ಕಾಯ್ದು ಇನ್ನೊಬ್ಬನನ್ನು ಕೆಡವಿತು.

ನಿಮ್ಮ ಹುಡುಗರಿಗೆ ಬೇಕಾದದ್ದು ತಲೆ ಇಡುವ ಜಾಗದ ಪಾಠ. ಸೊಂಟಕ್ಕೆ ನುಗ್ಗುವ ಡಿಫೆಂಡರ್ ತಲೆಯನ್ನು ರೈಡರ್‌ನ ಮುಂದಿಟ್ಟರೆ ಅವನ ಮೊಣಕಾಲು ನೇರ ಹಣೆಗೆ ಬರುತ್ತದೆ. ತಲೆ ಹಿಂಬದಿಗೆ, ಕಣ್ಣು ಮೇಲಕ್ಕೆ. ಮ್ಯಾಟಿನ ಮೇಲೆ ನಿಧಾನವಾಗಿ, ನಡಿಗೆಯ ವೇಗದಲ್ಲಿ 10 ಸಲ ಎಡಕ್ಕೆ, 10 ಸಲ ಬಲಕ್ಕೆ ಮಾಡಿಸಿ; ಆಮೇಲೆ ಓಟ. ಬಲಗೈಯವರೆಲ್ಲ ಬಲಭುಜದಿಂದಲೇ ಹಿಡಿಯಲು ನೋಡುತ್ತಾರೆ, ಎಡಕ್ಕೆ ತಲೆ ತಪ್ಪು ಕಡೆ ಹೋಗುವುದು ಆಗಲೇ.

ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಓಡಿದರೆ?
— ಬಸವಕಲ್ಯಾಣ

ಎಸೆಯುವ ಉದ್ದೇಶ ಬಿಟ್ಟು ಓಡಲು ತೊಡಗಿದರೆ ಅವನು ಎಲ್ಲರಂತೆ ಒಬ್ಬ ಓಟಗಾರ. ಮೊಣಕಾಲು, ಒಂದು ಹೆಜ್ಜೆ, ಮೈಭಾರ ಯಾವ ರಿಯಾಯಿತಿಯೂ ಇಲ್ಲ. ಲಮಾರ್ ಜಾಕ್ಸನ್ 2019ರಲ್ಲಿ ಓಡಿಯೇ 1,206 ಯಾರ್ಡ್ ಗಳಿಸಿದ ಮೇಲೆ ಓಡುವ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬೇಡಿಕೆ ಹೆಚ್ಚಿದೆ. ಪಾಕೆಟ್ಟಿನೊಳಗೆ ಕಟ್ಟಿದ ಬೇಲಿ ಅಲ್ಲಿ ಕೆಲಸಕ್ಕೆ ಬರದು.

ಅಲ್ಲಿ ಅವನಿಗಿರುವ ಮುಖ್ಯ ಆಸರೆ ಕಾಲು ಮುಂದೆ ಚಾಚಿ ಜಾರುವುದು. ಜಾರಿದರೆ ಎದುರಾಳಿ ತಡೆದುಕೊಳ್ಳಬೇಕು. ಆದರೆ ಪೆಟ್ಟು ಮೈಮೇಲೆ ಬಂದಾಗ ಕೊನೆಗಳಿಗೆಯಲ್ಲಿ ಜಾರಿ ರಕ್ಷಣೆ ಕೇಳುವಂತಿಲ್ಲ. ಆಗಲೇ ನುಗ್ಗಿಬಿಟ್ಟವನು ತಾಗಿದರೆ ತಪ್ಪಲ್ಲ, ತಲೆಗೆ, ಕುತ್ತಿಗೆಗೆ ಬಲವಾಗಿ ತಾಗಿದರೆ ಮಾತ್ರ ತಪ್ಪು. 2024ರ ಡಿಸೆಂಬರ್ 1ರಂದು ಹ್ಯೂಸ್ಟನ್‌ನ ಅಜೀಜ್ ಅಲ್-ಶಾಯರ್, ಜಾರುತ್ತಿದ್ದ ಟ್ರೆವರ್ ಲಾರೆನ್ಸ್ ತಲೆಗೆ ಮುಂದೋಳಿನಿಂದ ಹೊಡೆದು 3 ಪಂದ್ಯ ಹೊರಗುಳಿದ.

ಇದರ ದುರುಪಯೋಗವೂ ಆಗಿದೆ. 2021ರ ಡಿಸೆಂಬರಿನಲ್ಲಿ, ಕಾಲೇಜು ಪಂದ್ಯವೊಂದರಲ್ಲಿ ಕೆನ್ನಿ ಪಿಕೆಟ್ ಜಾರುವ ನಟನೆ ಮಾಡಿದ, ಎದುರಾಳಿಗಳು ನಿಂತರು, ಇವನು ಓಡಿ ಅಂಕ ಗಳಿಸಿದ. ಕಾಲೇಜು ಆಟದವರು ಕೆಲವೇ ದಿನಗಳಲ್ಲಿ ಅದನ್ನು ನಿಷೇಧಿಸಿದರು. ಈಗ ಜಾರುವ ನಟನೆ ಮಾಡಿದರೆ ಚೆಂಡು ಅಲ್ಲೇ ಸತ್ತಂತೆ.

ಹೆಲ್ಮೆಟ್ ಇದ್ದೂ ತಲೆಗೆ ಪೆಟ್ಟಾಗುವುದು ಯಾಕೆ?
— ನರ್ಸಿಂಗ್ ವಿದ್ಯಾರ್ಥಿನಿ, ಬೀದರ್

ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಬುರುಡೆ ಥಟ್ಟನೆ ನಿಂತಾಗ ಒಳಗಿನ ಮಿದುಳು ತೊನೆದು ತಿರುಚುವುದನ್ನು ಪೂರ್ತಿ ತಡೆಯಲಾರದು. ಕ್ವಾರ್ಟರ್‌ಬ್ಯಾಕ್‌ಗಳಿಗೆ ಹೆಚ್ಚಿನ ಅಪಾಯ ಹಿಂದಲೆ ನೆಲಕ್ಕೆ ಬಡಿಯುವುದರಿಂದ. ಹಿಮ್ಮುಖವಾಗಿ ಬೀಳುವಾಗ ಕೈಯಲ್ಲಿ ಚೆಂಡು ಇರುವುದರಿಂದ ಊರಿಕೊಳ್ಳಲು ಕೈ ಖಾಲಿ ಇರುವುದಿಲ್ಲ. 2023ರಿಂದ ಅವರಿಗಾಗಿಯೇ ಮಾಡಿದ ಹೆಲ್ಮೆಟ್ ಬಳಕೆಗೆ ಬಂದಿದೆ. ಮೈಭಾರದ ನಿಯಮಕ್ಕೆ ಇರುವ ಒಳ್ಳೆಯ ಸಮರ್ಥನೆ ಇದೇ: ಮೇಲಿನವನ ಭಾರ ಸೇರಿದರೆ ತಲೆ ನೆಲ ಮುಟ್ಟುವ ರಭಸ ಹೆಚ್ಚುತ್ತದೆ.

ಟುವ ಗಾಯದ ನಂತರ, 2022ರ ಅಕ್ಟೋಬರಿನಲ್ಲಿ, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಆ ದಿನ ಮತ್ತೆ ಆಡಿಸುವಂತಿಲ್ಲ ಎಂದು ಸೇರಿಸಿದರು. ಅದಕ್ಕೂ ನಾಲ್ಕು ದಿನ ಹಿಂದಿನ ಪಂದ್ಯದಲ್ಲಿ ಅವನು ಎದ್ದು ತೂರಾಡಿದ್ದ, ಆದರೂ ಆಡಿದ್ದ. 2024ರ ಸೆಪ್ಟೆಂಬರಿನಲ್ಲಿ ಅವನಿಗೆ ಮತ್ತೆ ಪೆಟ್ಟಾಯಿತು. ಆಗ ಯಾರೂ ಅವನ ಮೇಲೆ ಬಿದ್ದದ್ದಲ್ಲ. ಓಡುತ್ತಿದ್ದವನು ಜಾರದೆ ತಾನೇ ತಲೆ ತಗ್ಗಿಸಿ ಎದುರಾಳಿಗೆ ಗುದ್ದಿದ್ದ.

ಪಂದ್ಯಗಳು ನಮ್ಮಲ್ಲಿ ಎಷ್ಟು ಗಂಟೆಗೆ?
— ಭಾಲ್ಕಿ

ಭಾನುವಾರದ ಮೊದಲ ಸುತ್ತು ರಾತ್ರಿ 10.30ಕ್ಕೆ, ನವೆಂಬರಿನಲ್ಲಿ ಅವರ ಗಡಿಯಾರ ಬದಲಾದ ಮೇಲೆ 11.30ಕ್ಕೆ. ಹಂಗಾಮಿನ ಅಂತಿಮ ಪಂದ್ಯ ಸೂಪರ್ ಬೌಲ್ ಸೋಮವಾರ ಬೆಳಗಿನ ಜಾವ 5ಕ್ಕೆ.

ನಮ್ಮ ಹೈಸ್ಕೂಲ್ ಮಕ್ಕಳಿಗೆ ಪೆಟ್ಟಿಲ್ಲದ ರೀತಿಯಲ್ಲಿ ಆಡಿಸಬಹುದೇ? ಸಾಮಾನಿಗೆ ದುಡ್ಡಿಲ್ಲ.
— ದೈಹಿಕ ಶಿಕ್ಷಣ ಶಿಕ್ಷಕರು, ಚಿತ್ತಾಪುರ

ಫ್ಲ್ಯಾಗ್ ಫುಟ್‌ಬಾಲ್ ಆಡಿಸಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದು ಇದೆ. ಒಂದು ಕಡೆ 5 ಜನ, ಕೆಡವುವಂತಿಲ್ಲ. ಸೊಂಟದಲ್ಲಿ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಹಿಡಿದಂತೆ.

ಅಂಕಣ 50 ಯಾರ್ಡ್ ಉದ್ದ, 25 ಯಾರ್ಡ್ ಅಗಲ, ಎರಡು ತುದಿಗೂ 10 ಯಾರ್ಡ್ ಅಂಕದ ಜಾಗ. ಒಟ್ಟು 64 ಮೀಟರಿಗೆ 23 ಮೀಟರ್, ಅಂದರೆ ಹನ್ನೊಂದು ಕಬಡ್ಡಿ ಅಂಕಣದಷ್ಟು. ಅಷ್ಟು ಜಾಗವಿಲ್ಲದಿದ್ದರೆ ಅರ್ಧಕ್ಕೆ ಇಳಿಸಿ. ಗೆರೆಗೆ ಸುಣ್ಣದ ಪುಡಿ ಸಾಕು. ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಓಡುವಾಗ ಪಾದದ ಗಂಟು ಹೊರಳುತ್ತದೆ. ಮೊರಂ ಹಾಕಿದ ಜಾಗ ಆರಿಸಿ. ಮಾರ್ಚ್ ನಂತರ ಬೆಳಗ್ಗೆ 8ರೊಳಗೆ ಮುಗಿಸಿಬಿಡಿ.

ಪಟ್ಟಿಗೆ ಹಳೆಯ ಬಟ್ಟೆ ನಡೆಯುತ್ತದೆ: ಸುಮಾರು 5 ಸೆಂ.ಮೀ. ಅಗಲ, 38 ಸೆಂ.ಮೀ. ಉದ್ದ, ಒಬ್ಬರಿಗೆ ಎರಡು, ಸೊಂಟದ ಎರಡು ಬದಿಗೂ ಒಂದೊಂದು. ಚಡ್ಡಿಯ ಇಲಾಸ್ಟಿಕ್‌ಗೆ ಸಿಕ್ಕಿಸಬೇಕು, ಗಂಟು ಹಾಕಬಾರದು. ಗಂಟು ಹಾಕಿದರೆ ಪಟ್ಟಿ ಕಿತ್ತು ಬರದೆ ಮಗುವನ್ನೇ ಎಳೆದು ಕೆಡವುತ್ತದೆ. ಅಂಗಿ ಪಟ್ಟಿಯ ಮೇಲೆ ಇಳಿಬಿಡದೆ ಒಳಗೆ ಸಿಕ್ಕಿಸಲಿ. 4 ಡೌನಿನಲ್ಲಿ ನಡುಗೆರೆ ದಾಟಬೇಕು, ದಾಟಿದರೆ ಅಂಕಕ್ಕೆ ಮತ್ತೆ 4.

ಎಸೆಯುವವನನ್ನು ಇಲ್ಲಿ ಕಾಯುವುದು ದೂರದ ಲೆಕ್ಕ. ಅವನತ್ತ ನುಗ್ಗುವವನು ಚೆಂಡಿನ ಗೆರೆಯಿಂದ 7 ಯಾರ್ಡ್, ಅಂದರೆ ಆರೂವರೆ ಮೀಟರ್ ಹಿಂದಿನಿಂದ ಹೊರಡಬೇಕು. ಅಲ್ಲಿ ಇನ್ನೊಂದು ಗೆರೆ ಎಳೆಯಿರಿ, ಮಕ್ಕಳಿಗೆ ಅಂದಾಜಿಗೆ ಬಿಡಬೇಡಿ. ಎಸೆಯುವವನಿಗೆ ಚೆಂಡು ಹಿಡಿದು ಗೆರೆ ದಾಟಿ ಓಡಲು ಬಿಡಬೇಡಿ, ಅದು ನಿಯಮದಲ್ಲೂ ಇಲ್ಲ. ಮಕ್ಕಳು ಹೆಚ್ಚು ತಪ್ಪುವುದು ಎಸೆತಕ್ಕೆ ಎತ್ತಿದ ಕೈಗೆ ಹೊಡೆಯುವುದರಲ್ಲಿ. 'ಕಣ್ಣು ಸೊಂಟದ ಮೇಲೆ, ಕೈ ಪಟ್ಟಿಗೆ' ಎಂದು ಮೊದಲ ವಾರ ಕೂಗುತ್ತಲೇ ಇರಬೇಕಾಗುತ್ತದೆ. ಚೆಂಡು ಸಿಗದಿದ್ದರೆ 3ನೇ ನಂಬರಿನ ಸಣ್ಣ ಫುಟ್‌ಬಾಲಿನ ಗಾಳಿ ಸ್ವಲ್ಪ ಇಳಿಸಿ ಕೊಡಿ. ಸುತ್ತಿ ಎಸೆಯಲು ಬರದು, ಓಟ ಮತ್ತು ಹಿಡಿತ ಕಲಿಯಲು ಸಾಕು.